ಎಂಬೆಡೆಡ್ ಲಿನಕ್ಸ್ ಬೋರ್ಡಿನಲ್ಲಿ ಜಿಟರ್ ತಗ್ಗಿಸಬೇಕೇ? ಗಡಿಯಾರ ಯಾರ ಕೈಲಿರಬೇಕು ಅನ್ನೋದನ್ನ ಮೊದಲು ನೋಡಿ

ಒಂದು ಚಿಕ್ಕ ಲಿನಕ್ಸ್ ಬೋರ್ಡ್. ಅದರಲ್ಲಿ 1 ಮಿಲಿಸೆಕೆಂಡಿಗೊಮ್ಮೆ ಓಡುವ ಒಂದು ಲೂಪ್. ಸೆನ್ಸರ್ ಓದಬೇಕು, ಲೆಕ್ಕ ಹಾಕಬೇಕು, ಮೋಟರಿಗೆ ಹೊಸ ಕಮಾಂಡ್ ಕಳಿಸಬೇಕು, ಮತ್ತೆ ಮಲಗಬೇಕು. ಟೇಬಲ್ ಮೇಲೆ ಇಡೀ ದಿನ ಚೆನ್ನಾಗಿಯೇ ಓಡುತ್ತದೆ. ಸಂಜೆ ಯಾರೋ ನೆಟ್‌ವರ್ಕ್ ಮೂಲಕ ಅದೇ ಬೋರ್ಡಿಗೆ ದೊಡ್ಡ ಫೈಲೊಂದನ್ನು ಕಾಪಿ ಮಾಡುತ್ತಾರೆ. ಮೋಟರ್ ಒಮ್ಮೆ ಗಕ್ಕನೆ ಜಗ್ಗುತ್ತದೆ. ಸಿಪಿಯು ಬಳಕೆ ನೋಡಿದರೆ ಅರ್ಧವೂ ದಾಟಿಲ್ಲ. ಬೋರ್ಡ್ ನಿಧಾನವೇನೂ ಅಲ್ಲ, ಹೇಳಿದ ಹೊತ್ತಿಗೆ ಏಳಲಿಲ್ಲ, ಅಷ್ಟೆ.

ತಡವಾಗುವುದು ಬೇರೆ, ಜಿಟರ್ ಬೇರೆ. ಜಿಟರ್ ಅಂದರೆ ಆ ತಡ ಪ್ರತಿಸಲ ಒಂದೇ ಸಮ ಇರದೆ ಏರುಪೇರಾಗುವುದು. ದಿನವೂ ಸರಿಯಾಗಿ ಹತ್ತು ನಿಮಿಷ ತಡವಾಗಿ ಬರುವ ಬಸ್ಸಿಗೆ ನಾವು ಹೊಂದಿಕೊಳ್ಳುತ್ತೇವೆ. ಒಂದು ದಿನ ಎರಡು ನಿಮಿಷ, ಇನ್ನೊಂದು ದಿನ ಮುಕ್ಕಾಲು ಗಂಟೆ ತಡ ಮಾಡುವ ಬಸ್ಸಿಗೆ ಹೊಂದಿಕೊಳ್ಳಲು ಆಗುವುದಿಲ್ಲ. ಕಂಟ್ರೋಲ್ ಲೂಪಿನ ಪಾಡೂ ಇದೇ. ಪ್ರತಿಸಲ 60 ಮೈಕ್ರೊಸೆಕೆಂಡ್ ತಡವಾದರೆ ಅದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಬಹುದು. ಒಮ್ಮೆ 10, ಒಮ್ಮೆ 3000 ಅಂದರೆ ಏನೂ ಮಾಡಲಾಗದು.

ಇದಕ್ಕೆ ಇರುವ ದಾರಿಗಳು ಮುಖ್ಯವಾಗಿ ನಾಲ್ಕು. ಸಾದಾ ಕರ್ನಲನ್ನೇ, ಅಂದರೆ ಲಿನಕ್ಸಿನ ತಿರುಳನ್ನೇ, ತಿದ್ದಿ ತೀಡಿ ಬಳಸುವುದು. ಸಮಯಪಾಲನೆಗೆಂದೇ ಬದಲಿಸಿದ ಪ್ರಿಎಂಪ್ಟ್ ಆರ್‌ಟಿ ಕರ್ನಲ್ ಹಾಕುವುದು. ಜೆನೊಮೈ ತರಹದ ಜೋಡಿ ಕರ್ನಲ್ ತರುವುದು. ಇಲ್ಲವೇ ಸಮಯಕ್ಕೆ ಸರಿಯಾಗಿ ಆಗಬೇಕಾದ ಕೆಲಸವನ್ನೇ ಲಿನಕ್ಸ್ ಕೈಯಿಂದ ತೆಗೆದು ಹಾರ್ಡ್‌ವೇರಿಗೋ ಪುಟ್ಟ ಮೈಕ್ರೊಕಂಟ್ರೋಲರಿಗೋ ಕೊಡುವುದು. ಹೆಚ್ಚಿನವರು ಈ ನಾಲ್ಕನೆಯದನ್ನು ಕೊನೆಯಲ್ಲಿ, ಬೇರೆಲ್ಲ ಸೋತ ಮೇಲೆ ಯೋಚಿಸುತ್ತಾರೆ. ಅದನ್ನು ಮೊದಲೇ ಯೋಚಿಸಬೇಕು ಅನ್ನೋದು ನನ್ನ ವಾದ.

## ಕರ್ನಲ್ ಮುಟ್ಟುವ ಮೊದಲು ಒಂದು ಸಂಖ್ಯೆ ಬರೆದಿಡಿ

"ನನಗೆ ರಿಯಲ್ ಟೈಮ್ (ಹೇಳಿದ ಹೊತ್ತಿಗೇ ಆಗುವ ಕೆಲಸ) ಬೇಕು" ಅನ್ನುವುದು ಅಳತೆ ಆಗಲಿಲ್ಲ. ಎಷ್ಟು ಮೈಕ್ರೊಸೆಕೆಂಡ್ ಆಚೀಚೆ ಆದರೆ ಪರವಾಗಿಲ್ಲ, ಎಷ್ಟಾದರೆ ಕೆಲಸ ಕೆಡುತ್ತದೆ? ಆ ಸಂಖ್ಯೆ ಕೈಲಿದ್ದರೆ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಒಂದೆರಡು ಲೆಕ್ಕ ಮಾಡೋಣ. 1 ಮಿಲಿಸೆಕೆಂಡಿನಿಂದ 2 ಮಿಲಿಸೆಕೆಂಡ್ ಪಲ್ಸಿಗೆ 90 ಡಿಗ್ರಿ ತಿರುಗುವ ಸಾದಾ ಸರ್ವೊ ತಗೊಳ್ಳಿ. ಪಲ್ಸಿನ ಅಗಲದಲ್ಲಿ 100 ಮೈಕ್ರೊಸೆಕೆಂಡ್ ಏರುಪೇರಾದರೆ ಸರ್ವೊದ ತೋಳು 9 ಡಿಗ್ರಿ ಅಲುಗುತ್ತದೆ. ಕಣ್ಣಿಗೇ ಕಾಣುವಷ್ಟು ನಡುಕ. ಸೆಕೆಂಡಿಗೆ 20,000 ಹೆಜ್ಜೆ ಇಡುವ ಸ್ಟೆಪ್ಪರ್ ಮೋಟರ್ ಇದ್ದರೆ ಎರಡು ಹೆಜ್ಜೆಗಳ ನಡುವೆ ಇರುವುದೇ 50 ಮೈಕ್ರೊಸೆಕೆಂಡ್. ಇನ್ನು ತಿರುಗುವಿಕೆ ಅಳೆಯುವ ಎನ್‌ಕೋಡರ್. ಒಂದು ಸುತ್ತಿಗೆ 1000 ಗೆರೆಯ, ಗೆರೆಗೆ ನಾಲ್ಕು ಅಂಚು ಕೊಡುವ ಕ್ವಾಡ್ರೇಚರ್ ಎನ್‌ಕೋಡರ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 2 ಲಕ್ಷ ಅಂಚುಗಳು ಬರುತ್ತವೆ, ಅಂದರೆ 5 ಮೈಕ್ರೊಸೆಕೆಂಡಿಗೊಂದು. ಇದನ್ನು ಲಿನಕ್ಸಿನಲ್ಲಿ ಜಿಪಿಐಒ (ಚಿಪ್ಪಿನ ಸಾಮಾನ್ಯ ಪಿನ್) ಇಂಟರಪ್ಟ್, ಅಂದರೆ ಮಾಡುತ್ತಿದ್ದ ಕೆಲಸ ಬಿಡಿಸಿ ಸಿಪಿಯುವನ್ನು ಕರೆಯುವ ಸೂಚನೆ, ಹಿಡಿದು ಎಣಿಸುತ್ತೇನೆ ಅಂತ ಹೊರಟರೆ ಯಾವ ಕರ್ನಲ್ ಹಾಕಿದರೂ ಪ್ರಯೋಜನವಿಲ್ಲ.

ಆದರೆ 1 ಕಿಲೊಹರ್ಟ್ಸ್ ಸ್ಥಾನ ನಿಯಂತ್ರಣದ ಲೂಪ್ ಅಷ್ಟು ಬಿಗಿಯಲ್ಲ. ಅವಧಿಯ ಶೇಕಡಾ 5ರಿಂದ 10, ಅಂದರೆ 50ರಿಂದ 100 ಮೈಕ್ರೊಸೆಕೆಂಡ್ ಜಿಟರ್ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಬಿಸಿ ನಿಯಂತ್ರಿಸುವ ಲೂಪಿಗಂತೂ ಹತ್ತಾರು ಮಿಲಿಸೆಕೆಂಡ್ ಕೂಡ ಲೆಕ್ಕಕ್ಕಿಲ್ಲ.

ಇನ್ನೂ ಒಂದು ಗುಂಪಿನ ಕೆಲಸಗಳಿವೆ. ಅವಕ್ಕೆ ರಿಯಲ್ ಟೈಮ್ ಬೇಕಾಗಿಯೇ ಇರುವುದಿಲ್ಲ, ಬೇಕು ಅಂತ ನಾವು ಅಂದುಕೊಂಡಿರುತ್ತೇವೆ. ಸುಮ್ನೆ ಡೇಟಾ ಬರೆದಿಟ್ಟುಕೊಳ್ಳುವುದಾದರೆ, ಯಾವಾಗ ಓದಿದಿರಿ ಅನ್ನುವುದಕ್ಕಿಂತ ಯಾವಾಗಿನದು ಅನ್ನುವ ಗುರುತು ಮುಖ್ಯ. ಲಿಬ್‌ಜಿಪಿಐಒಡಿ ಎಂಬ ಲೈಬ್ರರಿ ಮೂಲಕ ಬರುವ ಜಿಪಿಐಒ ಘಟನೆಗಳಿಗೆ ಕರ್ನಲ್ಲೇ ಸಮಯದ ಮುದ್ರೆ ಒತ್ತಿ ಕೊಡುತ್ತದೆ. ನಿಮ್ಮ ಪ್ರೋಗ್ರಾಂ ಅದನ್ನು 5 ಮಿಲಿಸೆಕೆಂಡ್ ತಡವಾಗಿ ಓದಿದರೂ ಆ ಮುದ್ರೆ ಬದಲಾಗುವುದಿಲ್ಲ. ಆಡಿಯೊದಲ್ಲೂ ಹೀಗೇ: 48 ಕಿಲೊಹರ್ಟ್ಸ್‌ನಲ್ಲಿ 256 ಸ್ಯಾಂಪಲ್‌ಗಳ ಬಫರ್ ಇಟ್ಟರೆ 5 ಮಿಲಿಸೆಕೆಂಡಿಗಿಂತ ಜಾಸ್ತಿ ಉಸಿರಾಡಲು ಜಾಗ ಸಿಗುತ್ತದೆ. ಬಫರ್ ಹಾಕಿ ಮುಗಿಯುವ ಕೆಲಸಕ್ಕೆ ಕರ್ನಲ್ ಬದಲಿಸಬೇಡಿ.

## ಸಾದಾ ಕರ್ನಲ್ ಎಲ್ಲಿಯವರೆಗೆ ಸಾಕು?

ಇದನ್ನು ಬೇಗ ಮುಗಿಸುತ್ತೇನೆ. ಇವತ್ತಿನ ಸಾದಾ ಕರ್ನಲ್ ಮೊದಲಿನ ಹಾಗಿಲ್ಲ. ಹೈ ರೆಸಲ್ಯೂಶನ್ ಟೈಮರ್‌ಗಳ ತಳಹದಿ 2006ರಲ್ಲಿ 2.6.16ಕ್ಕೆ ಬಂತು. ಆದ್ಯತೆ ದಾಟಿಸುವ ಮ್ಯೂಟೆಕ್ಸ್ (ಕಾಯುವವನ ಆದ್ಯತೆಯನ್ನು ಹಿಡಿದವನಿಗೆ ಕೊಡುವ ಲಾಕ್), ಇಂಟರಪ್ಟ್‌ಗಳನ್ನು ಥ್ರೆಡ್ (ಕರ್ನಲ್ ಸರದಿಯಲ್ಲಿ ಓಡಿಸುವ ಕೆಲಸದ ಎಳೆ) ಆಗಿ ಓಡಿಸುವ ಸೌಲಭ್ಯ ಎಲ್ಲವೂ ಒಂದೊಂದಾಗಿ ಮುಖ್ಯ ಕರ್ನಲಿಗೆ ಸೇರಿದವು. ನಿಮ್ಮ ಥ್ರೆಡ್ಡಿಗೆ ಸ್ಕೆಡ್ ಫೈಫೊ ಎಂಬ ರಿಯಲ್ ಟೈಮ್ ಆದ್ಯತೆ ಕೊಟ್ಟು, ಕರ್ನಲನ್ನು ಪೂರ್ತಿ ಪ್ರಿಎಂಪ್ಟ್ ಆಯ್ಕೆಯಲ್ಲಿ ಕಟ್ಟಿದರೆ ಬಹುಪಾಲು ಸಲ ಅದು ಕೆಲವೇ ಹತ್ತು ಮೈಕ್ರೊಸೆಕೆಂಡಿನಲ್ಲಿ ಎದ್ದೇಳುತ್ತದೆ.

ಕಷ್ಟ ಇರುವುದು ಆ "ಬಹುಪಾಲು" ಅನ್ನುವ ಮಾತಿನಲ್ಲಿ. ಕರ್ನಲ್ ಒಳಗೆ ಯಾರೋ ಸ್ಪಿನ್‌ಲಾಕ್ (ಸಿಗುವವರೆಗೆ ಮಲಗದೆ ಸುತ್ತುತ್ತಾ ಕಾಯಬೇಕಾದ ಲಾಕ್) ಹಿಡಿದಿದ್ದರೆ, ನೆಟ್‌ವರ್ಕಿನ ಸಾಫ್ಟ್ ಇಂಟರಪ್ಟ್‌ಗಳು ಸಾಲಾಗಿ ಓಡುತ್ತಿದ್ದರೆ, ನಿಮ್ಮ ಥ್ರೆಡ್ ಎಷ್ಟೇ ದೊಡ್ಡ ಆದ್ಯತೆಯದಾಗಿದ್ದರೂ ಬಾಗಿಲಲ್ಲಿ ಕಾಯಬೇಕು. ಆ ಕಾಯುವಿಕೆ ಕೆಲವು ನೂರು ಮೈಕ್ರೊಸೆಕೆಂಡ್ ಇರಬಹುದು, ಲೋಡ್ ಜಾಸ್ತಿಯಾದರೆ ಮಿಲಿಸೆಕೆಂಡ್‌ಗಳಿಗೆ ಏರಬಹುದು. ಮೇಲ್ಮಿತಿ ಇಷ್ಟೇ ಅಂತ ಯಾರೂ ಭಾಷೆ ಕೊಡುವುದಿಲ್ಲ. 10 ಮಿಲಿಸೆಕೆಂಡಿನ ಲೂಪ್, ಅಪರೂಪಕ್ಕೊಂದು ತಪ್ಪಿದರೂ ನಡೆಯುತ್ತದೆ ಅನ್ನುವಂಥ ಕೆಲಸವಾದರೆ ಸಾದಾ ಕರ್ನಲ್ಲೇ ಇರಲಿ.

## ಪ್ರಿಎಂಪ್ಟ್ ಆರ್‌ಟಿ

ಇಪ್ಪತ್ತು ವರ್ಷ ಹತ್ತಿರ ಹತ್ತಿರ ಹೊರಗಿನ ಪ್ಯಾಚ್ (ಮೂಲ ಕೋಡಿಗೆ ಹಚ್ಚುವ ತೇಪೆ) ಆಗಿಯೇ ಬದುಕಿದ ಕೆಲಸ ಇದು. 2024ರ ಸೆಪ್ಟೆಂಬರಿನಲ್ಲಿ ಲೀನಸ್ ಟೋರ್ವಾಲ್ಡ್ಸ್ ಅದರ ಕೊನೆಯ ತುಂಡನ್ನು ಒಳಗೆ ಸೇರಿಸಿಕೊಂಡರು. 2024ರ ನವೆಂಬರ್ 17ರಂದು ಬಂದ 6.12 ಕರ್ನಲಿನಿಂದ ಆಚೆಗೆ ಪ್ಯಾಚ್ ಹುಡುಕಿಕೊಂಡು ಹೋಗಬೇಕಿಲ್ಲ. ಆದರೆ ಒಂದು ಷರತ್ತಿದೆ. 6.12ರಲ್ಲಿ ಅದು ಸಿಕ್ಕಿದ್ದು 64 ಬಿಟ್ ಆರ್ಮ್, ಎಕ್ಸ್86 ಮತ್ತು ರಿಸ್ಕ್-ವಿ ಚಿಪ್‌ಗಳಿಗೆ ಮಾತ್ರ. 32 ಬಿಟ್ ಆರ್ಮ್ ಬೋರ್ಡ್ ನಿಮ್ಮದಾದರೆ ಆ ಕರ್ನಲಿಗೂ ಪ್ಯಾಚ್ ಬೇಕು. ಚಿಪ್ ತಯಾರಕರು ಕೊಡುವ ಕರ್ನಲ್ ಇನ್ನೂ 5.10ರಲ್ಲೋ 6.1ರಲ್ಲೋ ನಿಂತಿದ್ದರೂ ಅದೇ ಕಥೆ: ಆ ಆವೃತ್ತಿಗೆ ಸರಿಹೊಂದುವ ಪ್ಯಾಚ್ ತಂದು ಹಾಕಬೇಕು, ಅದು ತಯಾರಕರ ಬದಲಾವಣೆಗಳ ಜೊತೆ ಜಗಳ ಆಡುತ್ತದೆ. ಡೆಬಿಯನ್‌ನಲ್ಲಿ ಸಿದ್ಧ ಆರ್‌ಟಿ ಕರ್ನಲ್ ಪ್ಯಾಕೇಜ್ ಇದೆ, ಬೋರ್ಡಿಗೆ ಬೇಕಾದ ಲಿನಕ್ಸ್ ಕಟ್ಟಿಕೊಡುವ ಯೊಕ್ಟೊದಲ್ಲಿ ಆರ್‌ಟಿ ಕರ್ನಲಿನ ರೆಸಿಪಿ ಇದೆ.

ಕರ್ನಲನ್ನು ನೀವೇ ಕಟ್ಟುವವರಾದರೆ ಒಂದು ಸಣ್ಣ ಮಾತು. ಮೆನುವಿನಲ್ಲಿ ಈ ಆಯ್ಕೆ ಕಾಣಿಸುತ್ತಲೇ ಇಲ್ಲ ಅಂತ ಗಾಬರಿಯಾಗಬೇಡಿ. ಮೊದಲು ಎಕ್ಸ್‌ಪರ್ಟ್ ಆಯ್ಕೆಯನ್ನು ಆನ್ ಮಾಡಬೇಕು, ಆಮೇಲೆ ಕಾಣಿಸುತ್ತದೆ. ಲಾಕ್‌ಗಳನ್ನು ಪರೀಕ್ಷಿಸುವ ಡೀಬಗ್ ಆಯ್ಕೆಗಳನ್ನು ಆಫ್ ಮಾಡಿ. ಅವು ಆನ್ ಇದ್ದರೆ ಅಳತೆ ಏನೇನೋ ತೋರಿಸುತ್ತದೆ.

ಇದು ಮಾಡುವುದಿಷ್ಟು. ಕರ್ನಲಿನ ಹೆಚ್ಚಿನ ಸ್ಪಿನ್‌ಲಾಕ್‌ಗಳು ಮಲಗಬಲ್ಲ, ಆದ್ಯತೆ ದಾಟಿಸಬಲ್ಲ ಲಾಕ್‌ಗಳಾಗುತ್ತವೆ. ಇಂಟರಪ್ಟ್ ಹ್ಯಾಂಡ್ಲರ್‌ಗಳು ಬಹುತೇಕ ಥ್ರೆಡ್‌ಗಳಾಗುತ್ತವೆ, ಅಂದರೆ ಅವೂ ಸರದಿಯಲ್ಲಿ ನಿಲ್ಲುತ್ತವೆ. ಹಾಗಾಗಿ ನಿಮ್ಮ ಥ್ರೆಡ್ ನೆಟ್‌ವರ್ಕ್ ಕಾರ್ಡಿಗಿಂತ ಮುಂದೆ ಹೋಗಬಹುದು. ಚೆನ್ನಾಗಿ ಹೊಂದಿಸಿದ ಕಾರ್ಟೆಕ್ಸ್-ಎ72 ತರಗತಿಯ ನಾಲ್ಕು ಕೋರ್ ಬೋರ್ಡಿನಲ್ಲಿ, ಭಾರೀ ಲೋಡಿನ ಕೆಳಗೂ, 100 ಮೈಕ್ರೊಸೆಕೆಂಡ್ ಒಳಗಿನ ಗರಿಷ್ಠ ತಡವನ್ನು ನಿರೀಕ್ಷಿಸಬಹುದು. ಬದಲಿಗೆ ಒಟ್ಟು ಕೆಲಸ ಸ್ವಲ್ಪ ಕಮ್ಮಿಯಾಗುತ್ತದೆ. ನೆಟ್‌ವರ್ಕ್, ಡಿಸ್ಕ್ ವೇಗದಲ್ಲಿ ಅದು ಗೊತ್ತಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಲಾಭ ಬೇರೆಯೇ ಇದೆ. ನಿಮ್ಮ ಕೋಡ್ ಮಾಮೂಲಿ ಲಿನಕ್ಸ್ ಕೋಡಾಗಿಯೇ ಉಳಿಯುತ್ತದೆ. ಅದೇ ಪಿಥ್ರೆಡ್ ಲೈಬ್ರರಿ, ಅದೇ ಡ್ರೈವರ್, ಅದೇ ಡೀಬಗರ್. 1 ಕಿಲೊಹರ್ಟ್ಸ್ ಆಸುಪಾಸಿನ ಲೂಪ್ ಇರುವವರಿಗೆ ನಾನು ಕಣ್ಣು ಮುಚ್ಚಿ ಹೇಳುವ ಆಯ್ಕೆ ಇದೇ.

## ಆರ್‌ಟಿ ಹಾಕಿದ್ದೀನಿ, ಆದರೂ ಜಿಟರ್ ಹೋಗಲಿಲ್ಲ

ಈ ದೂರು ಎಷ್ಟು ಸಾಮಾನ್ಯ ಅಂದರೆ, ಇದಕ್ಕೆ ಜಾಸ್ತಿ ಜಾಗ ಕೊಡಲೇಬೇಕು. ಕರ್ನಲ್ ಬದಲಿಸುವುದು ಅರ್ಧ ಕೆಲಸ. ಉಳಿದರ್ಧ ನಿಮ್ಮ ಕೋಡಿನಲ್ಲೂ ಬೋರ್ಡಿನ ವಿದ್ಯುತ್ ಉಳಿತಾಯದಲ್ಲೂ ಅಡಗಿರುತ್ತದೆ.

ಮೊದಲಿಗೆ ನಿದ್ದೆ. ಕೋರ್ ಖಾಲಿ ಇದ್ದಾಗ ಆಳವಾದ ನಿದ್ದೆಗೆ ಹೋಗುತ್ತದೆ, ಎಬ್ಬಿಸಲು ಹೊತ್ತು ಬೇಕು. ಸಿಪಿಯು ಡಿಎಂಎ ಲೇಟೆನ್ಸಿ ಎಂಬ ಡಿವೈಸ್ ಫೈಲಿಗೆ ಸೊನ್ನೆ ಬರೆದು, ಅದನ್ನು ಮುಚ್ಚದೆ ತೆರೆದೇ ಇಟ್ಟರೆ ಆಳ ನಿದ್ದೆ ನಿಲ್ಲುತ್ತದೆ. ಇಲ್ಲೊಂದು ತಮಾಷೆ ಇದೆ. ಜಿಟರ್ ಅಳೆಯಲು ಎಲ್ಲರೂ ಬಳಸುವ ಸೈಕ್ಲಿಕ್‌ಟೆಸ್ಟ್ ಇದನ್ನು ತಾನಾಗಿಯೇ ಮಾಡಿಬಿಡುತ್ತದೆ. ಹಾಗಾಗಿ ಅದರ ಅಂಕಿ ಸೊಗಸಾಗಿರುತ್ತದೆ, ನಿಮ್ಮ ಪ್ರೋಗ್ರಾಂ ಮಾತ್ರ ತಡವರಿಸುತ್ತದೆ. "ಟೆಸ್ಟ್‌ನಲ್ಲಿ ಚೆನ್ನಾಗಿತ್ತಲ್ವಾ?" ಅಂತ ತಲೆ ಕೆರೆದುಕೊಳ್ಳುವ ಮುಂಚೆ ಇದನ್ನು ನೋಡಿ. ಇದರ ಜೊತೆಗೇ ಸಿಪಿಯು ವೇಗ ನಿರ್ಧರಿಸುವ ಗವರ್ನರನ್ನು ಪರ್ಫಾರ್ಮೆನ್ಸ್‌ಗೆ ಹಾಕಿ. ವೇಗ ಏರಿಳಿಯುತ್ತಿದ್ದರೆ ಲೂಪಿನ ಕೆಲಸಕ್ಕೆ ಹಿಡಿಯುವ ಸಮಯವೂ ಏರಿಳಿಯುತ್ತದೆ. ಹೀಗೆ ಮಾಡಿದಾಗ ಬೋರ್ಡ್ ಬಿಸಿಯಾಗುತ್ತದೆ. ರಾಸ್‌ಬೆರಿ ಪೈ ತರಹದವು 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ತಾವೇ ವೇಗ ತಗ್ಗಿಸುತ್ತವೆ. ಹೀಟ್‌ಸಿಂಕ್ ಕೂಡ ರಿಯಲ್ ಟೈಮಿನ ಭಾಗವೇ.

ಎರಡನೆಯದು ಮೆಮೊರಿ. ಲೂಪ್ ಶುರುವಾಗುವ ಮೊದಲೇ ಎಂಲಾಕ್‌ಆಲ್ ಕರೆದು ಎಲ್ಲ ಪುಟಗಳನ್ನು ರ್‍ಯಾಮಿಗೆ ಕಟ್ಟಿಹಾಕಿ. ಸ್ಟ್ಯಾಕನ್ನು ಒಮ್ಮೆ ಪೂರ್ತಿ ಮುಟ್ಟಿಬಿಡಿ. ಲೂಪ್ ಒಳಗೆ ಹೊಸ ಮೆಮೊರಿ ಕೇಳುವ ಮ್ಯಾಲಕ್ ಬೇಡ, ಫೈಲ್ ತೆರೆಯುವುದು ಬೇಡ, ಪ್ರಿಂಟ್‌ಎಫ್ ಅಂತೂ ಬೇಡವೇ ಬೇಡ. ಲಾಗ್ ಬೇಕಿದ್ದರೆ ರಿಂಗ್ ಬಫರಿಗೆ ಹಾಕಿ, ಇನ್ನೊಂದು ಸಾದಾ ಥ್ರೆಡ್ ಅದನ್ನು ಎಸ್‌ಡಿ ಕಾರ್ಡಿಗೆ ಬರೆದುಕೊಳ್ಳಲಿ.

ಪ್ರಿಂಟ್ ವಿಷಯದಲ್ಲಿ ನಾನೇ ಸುಟ್ಟುಕೊಂಡಿದ್ದೇನೆ. ಹಗಲೆಲ್ಲ ಸರಿಯಿದ್ದ ಲೂಪ್ ರಾತ್ರಿ ಎಲ್ಲೋ ಒಂದೆರಡು ಸಲ ಕೆಲವು ಮಿಲಿಸೆಕೆಂಡ್ ತಪ್ಪುತ್ತಿತ್ತು. ವಾರ ಹುಡುಕಿದೆ. ಕೊನೆಗೆ ನೋಡಿದರೆ ದೋಷ ಬಂದಾಗ ಮಾತ್ರ ಸೀರಿಯಲ್ ಕನ್ಸೋಲಿಗೆ ಒಂದು ಸಾಲು ಬರೆಯುವ ಕೋಡ್, ಅದೂ ನಾನೇ ಬರೆದದ್ದು. 115200 ಬಾಡ್‌ನಲ್ಲಿ ಒಂದು ಅಕ್ಷರಕ್ಕೆ ಸುಮಾರು 87 ಮೈಕ್ರೊಸೆಕೆಂಡ್. 80 ಅಕ್ಷರದ ಸಾಲಿಗೆ 7 ಮಿಲಿಸೆಕೆಂಡ್. ದೋಷವನ್ನು ತಿಳಿಸಲು ಹೋಗಿ ಇನ್ನೊಂದು ದೋಷ ಹುಟ್ಟಿಸುತ್ತಿದ್ದೆ.

ಮೂರನೆಯದು ಮಲಗುವ ರೀತಿ. ಕೆಲಸ ಮುಗಿದ ಮೇಲೆ "ಇನ್ನು 1 ಮಿಲಿಸೆಕೆಂಡ್ ಮಲಗು" ಅಂದರೆ ಕೆಲಸಕ್ಕೆ ಹಿಡಿದ ಸಮಯ ಪ್ರತಿ ಸುತ್ತಿನಲ್ಲೂ ಸೇರಿಕೊಂಡು ಲೂಪ್ ಜಾರುತ್ತಾ ಹೋಗುತ್ತದೆ. ಕ್ಲಾಕ್ ನ್ಯಾನೊಸ್ಲೀಪ್ ಬಳಸಿ, ಮಾನೊಟಾನಿಕ್ ಗಡಿಯಾರದ ಪ್ರಕಾರ "ಇಂಥ ಹೊತ್ತಿಗೆ ಎಬ್ಬಿಸು" ಅಂತ ನಿಖರ ಕ್ಷಣವನ್ನೇ ಕೊಡಿ. ಥ್ರೆಡ್ ಫೈಫೊ ಆದ್ಯತೆಯಲ್ಲಿರಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇಲ್ಲಿದೆ: ಸಾದಾ ಥ್ರೆಡ್‌ಗಳ ಟೈಮರಿಗೆ ಕರ್ನಲ್ ತಾನಾಗಿಯೇ 50 ಮೈಕ್ರೊಸೆಕೆಂಡ್ ಸಡಿಲ ಕೊಟ್ಟಿರುತ್ತದೆ, ರಿಯಲ್ ಟೈಮ್ ಥ್ರೆಡ್‌ಗಳಿಗೆ ಆ ಸಡಿಲ ಇಲ್ಲ.

ನಾಲ್ಕನೆಯದು ಆದ್ಯತೆಗಳ ಸರಪಳಿ. ಬಹಳ ಜನ ಎಡವುವುದು ಇಲ್ಲೇ. ನಿಮ್ಮ ಥ್ರೆಡ್ ಆದ್ಯತೆ 80. ಅದು ಎಸ್‌ಪಿಐ ಎಂಬ ತಂತಿ ಸಂಪರ್ಕದ ಮೂಲಕ ಸೆನ್ಸರ್ ಓದುತ್ತದೆ. ಆ ಎಸ್‌ಪಿಐ ಇಂಟರಪ್ಟಿನ ಥ್ರೆಡ್ ಇರುವುದು ಆದ್ಯತೆ 50ರಲ್ಲಿ, ಏಕೆಂದರೆ ಎಲ್ಲ ಇಂಟರಪ್ಟ್ ಥ್ರೆಡ್‌ಗಳೂ ಶುರುವಾಗುವುದು ಅಲ್ಲಿಂದಲೇ. ನೆಟ್‌ವರ್ಕಿನದೂ 50. ಈಗ ನೀವು 80ರಲ್ಲಿದ್ದೂ ಕಾಯುವುದು 50ರವನಿಗಾಗಿ, ಅವನು ನೆಟ್‌ವರ್ಕಿನವನ ಹಿಂದೆ ಸಾಲಲ್ಲಿ ನಿಂತಿದ್ದಾನೆ. ಆ ಒಂದು ಇಂಟರಪ್ಟ್ ಥ್ರೆಡ್ಡಿನ ಆದ್ಯತೆಯನ್ನು ಸಿಎಚ್‌ಆರ್‌ಟಿ ಆಜ್ಞೆಯಿಂದ ಏರಿಸಿ. 99 ಮಾತ್ರ ಬೇಡ, ಅದು ಕರ್ನಲಿನ ಸ್ವಂತ ಕೆಲಸಗಳಿಗೆ ಇರಲಿ.

ಮ್ಯೂಟೆಕ್ಸ್ ಹಂಚಿಕೊಳ್ಳುತ್ತಿದ್ದರೆ ಅದಕ್ಕೆ ಆದ್ಯತೆ ದಾಟಿಸುವ ಗುಣ ಕೊಡಿ. ಪಿಥ್ರೆಡ್ ಮ್ಯೂಟೆಕ್ಸಿಗೆ ಅದು ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು. 1997ರಲ್ಲಿ ಮಂಗಳದ ಮೇಲಿಳಿದ ಪಾತ್‌ಫೈಂಡರ್ ನೌಕೆ ಮತ್ತೆ ಮತ್ತೆ ರೀಸೆಟ್ ಆದದ್ದು ಇದೇ ಕಾರಣಕ್ಕೆ. ಹವಾಮಾನದ ಡೇಟಾ ತೆಗೆಯುವ ಕಿರಿಯ ಆದ್ಯತೆಯ ಕೆಲಸ ಲಾಕ್ ಹಿಡಿದು ನಿಂತಿತ್ತು, ಹಿರಿಯ ಕೆಲಸ ಕಾದು ಕಾದು ಕೆಲಸ ನಿಂತರೆ ರೀಸೆಟ್ ಮಾಡುವ ವಾಚ್‌ಡಾಗ್ ಕಚ್ಚಿತು. ಎಂಜಿನಿಯರ್‌ಗಳು ಭೂಮಿಯಿಂದಲೇ ಆ ಲಾಕಿಗೆ ಆದ್ಯತೆ ದಾಟಿಸುವ ಗುಣ ಆನ್ ಮಾಡಿ ಸರಿಪಡಿಸಿದರು. ಅವರ ಬಳಿ ಇದ್ದದ್ದು ಲಿನಕ್ಸ್ ಅಲ್ಲ, ವಿಎಕ್ಸ್‌ವರ್ಕ್ಸ್. ಈ ತಪ್ಪಿಗೆ ಆಪರೇಟಿಂಗ್ ಸಿಸ್ಟಂ ಯಾವುದಾದರೂ ಒಂದೇ.

ಇನ್ನು ಕೋರ್ ಮೀಸಲಿಡುವುದು. ನಾಲ್ಕು ಕೋರ್ ಇದ್ದರೆ ಒಂದನ್ನು ಐಸೊಲ್‌ಸಿಪಿಯುಸ್ ಬೂಟ್ ಆಯ್ಕೆಯಿಂದ ಬೇರೆ ತೆಗೆದು, ಅದರಲ್ಲಿ ನಿಮ್ಮ ಥ್ರೆಡ್ ಮಾತ್ರ ಕೂರಿಸಿ. ಇದರಿಂದ ಇಂಟರಪ್ಟ್‌ಗಳು ತಾವಾಗಿ ಆಚೆ ಹೋಗುವುದಿಲ್ಲ. ಅವು ಯಾವ ಕೋರಿಗೆ ಹೋಗಬೇಕು ಅಂತ ಹೇಳುವ ಐಆರ್‌ಕ್ಯು ಅಫಿನಿಟಿ ಬೇರೆ ಕೊಡಬೇಕು. ಕೋರಿನ ಮಾಮೂಲಿ ಟಿಕ್ ನಿಲ್ಲಿಸುವ ನೋಹರ್ಟ್ಸ್ ಫುಲ್ ಕೂಡ ಹಾಕಿ ಅಂತ ಬಹಳ ಕಡೆ ಸಲಹೆ ಇರುತ್ತದೆ. ಸೆಕೆಂಡಿಗೆ ಸಾವಿರ ಸಲ ಮಲಗಿ ಏಳುವ ಲೂಪಿಗೆ ಅದರಿಂದ ಲಾಭ ಕಮ್ಮಿ. ಅದು ಮಲಗದೇ ಸುತ್ತುತ್ತಿರುವ ಕೆಲಸಕ್ಕೆ ಹೇಳಿಮಾಡಿಸಿದ್ದು. ಕೋರ್ ಮೀಸಲಿಟ್ಟರೂ ಎಲ್2 ಕ್ಯಾಶ್ ಮತ್ತು ಮೆಮೊರಿ ಬಸ್ ಹಂಚಿಕೆಯದೇ ಆಗಿರುತ್ತದೆ ಅನ್ನೋದು ನೆನಪಿರಲಿ. ಪಕ್ಕದ ಕೋರಿನಲ್ಲಿ ವಿಡಿಯೊ ಡಿಕೋಡ್ ನಡೆಯುತ್ತಿದ್ದರೆ ನಿಮ್ಮ ಲೂಪಿಗೂ ಅದರ ಬಿಸಿ ತಟ್ಟುತ್ತದೆ. ಯಾವ ಶೆಡ್ಯೂಲರೂ ಇದನ್ನು ಸರಿಮಾಡಲಾರದು.

ಬಸ್ಸಿನ ಲೆಕ್ಕವನ್ನೂ ಮರೆಯಬೇಡಿ, ಈ ಸಲ ವೈರಿನ ಬಸ್. 100 ಕಿಲೊಹರ್ಟ್ಸ್ ಐ2ಸಿಯಲ್ಲಿ ಒಂದು ಬೈಟಿಗೆ 9 ಬಿಟ್, ಅಂದರೆ 90 ಮೈಕ್ರೊಸೆಕೆಂಡ್. ವಿಳಾಸ, ರಿಜಿಸ್ಟರ್, ಮತ್ತೆ ವಿಳಾಸ, ಆಮೇಲೆ 6 ಬೈಟ್ ಡೇಟಾ: ಒಟ್ಟು 9 ಬೈಟ್, 810 ಮೈಕ್ರೊಸೆಕೆಂಡ್. 1 ಮಿಲಿಸೆಕೆಂಡಿನ ಲೂಪಿನಲ್ಲಿ ಉಳಿದದ್ದೆಷ್ಟು? 400 ಕಿಲೊಹರ್ಟ್ಸಿಗೆ ಏರಿಸಿದರೆ ಇದೇ ಸುಮಾರು 200 ಆಗುತ್ತದೆ. ಎಸ್‌ಪಿಐ ಇದ್ದರೆ ಇನ್ನೂ ಒಳ್ಳೆಯದು.

## ಜೆನೊಮೈ: ಯಾರಿಗೆ?

ಜೆನೊಮೈ ಹಿಡಿದ ದಾರಿ ಬೇರೆ. ಅದು ಲಿನಕ್ಸ್ ಕೆಳಗೆ ಇನ್ನೊಂದು ಚಿಕ್ಕ ಕರ್ನಲ್ ಇಡುತ್ತದೆ. ಇಂಟರಪ್ಟ್ ಬಂದರೆ ಮೊದಲು ಆ ಚಿಕ್ಕ ಕರ್ನಲ್ ನೋಡುತ್ತದೆ, ತನಗೆ ಬೇಡವಾದದ್ದನ್ನು ಲಿನಕ್ಸಿಗೆ ದಾಟಿಸುತ್ತದೆ. ಹಾಗಾಗಿ ಲಿನಕ್ಸ್ ಒಳಗೆ ಎಷ್ಟೇ ಗಲಾಟೆ ಇದ್ದರೂ ರಿಯಲ್ ಟೈಮ್ ಕೆಲಸಕ್ಕೆ ಅದು ಕೇಳಿಸುವುದಿಲ್ಲ. ಸಣ್ಣ, ನಿಧಾನದ ಪ್ರೊಸೆಸರ್‌ಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಜೆನೊಮೈ 3ರ ಕೋಬಾಲ್ಟ್ ಒಂದು ರೂಪ, ಡವ್‌ಟೇಲ್ ಮೇಲೆ ಕಟ್ಟಿದ ಇವಿಎಲ್ ಎಂಬ ಜೆನೊಮೈ 4 ಇನ್ನೊಂದು.

ತೆರಬೇಕಾದ ಬೆಲೆ ಇದು: ರಿಯಲ್ ಟೈಮ್ ಥ್ರೆಡ್ ಅಪ್ಪಿತಪ್ಪಿ ಒಂದು ಮಾಮೂಲಿ ಲಿನಕ್ಸ್ ಸಿಸ್ಟಂ ಕಾಲ್ ಮಾಡಿದರೆ ಸದ್ದಿಲ್ಲದೆ ಲಿನಕ್ಸ್ ಕಡೆಗೆ ಜಾರಿಬಿಡುತ್ತದೆ. ಅಲ್ಲಿಗೆ ಎಲ್ಲ ಭರವಸೆಯೂ ಹೋಯಿತು. ಎಸ್‌ಪಿಐ, ಕ್ಯಾನ್, ಈಥರ್ನೆಟ್ ಯಾವುದೇ ಇರಲಿ, ಅದಕ್ಕೆ ಆ ಕಡೆಯ ಡ್ರೈವರ್ ಬೇರೆಯೇ ಬೇಕು. ನಿಮ್ಮ ಚಿಪ್ಪಿಗೆ ಅದಿಲ್ಲ ಅಂದರೆ ನೀವೇ ಬರೆಯಬೇಕು. ಕರ್ನಲ್ ಆವೃತ್ತಿಯ ಆಯ್ಕೆಯೂ ನಿಮ್ಮ ಕೈಲಿರುವುದಿಲ್ಲ.

ಹಳೆಯ ಯಂತ್ರದ ಕೋಡ್ ಈಗಾಗಲೇ ಜೆನೊಮೈ ಮೇಲಿದ್ದರೆ ಮುಂದುವರಿಸಿ. ತಂಡದಲ್ಲಿ ಕರ್ನಲ್ ಬಲ್ಲವರು ಇದ್ದು, 10 ಕಿಲೊಹರ್ಟ್ಸ್ ಆಸುಪಾಸಿನ ಲೂಪನ್ನು ಅದೇ ಕೋರ್‌ಗಳಲ್ಲಿ ಓಡಿಸಲೇಬೇಕಾದರೆ ನೋಡಿ. ಹೊಸದಾಗಿ ಶುರು ಮಾಡುವವರಿಗೆ ನಾನು ಇದನ್ನು ಹೇಳುವುದು ಅಪರೂಪ. ಆರ್‌ಟಿ ಕರ್ನಲ್ ಸಾಲದು ಅನ್ನುವಷ್ಟು ಬಿಗಿ ಬೇಕಾದವರಿಗೆ ಸಾಮಾನ್ಯವಾಗಿ ಮುಂದಿನ ದಾರಿಯೇ ಸಲೀಸು.

## ಗಡಿಯಾರವನ್ನೇ ಲಿನಕ್ಸ್ ಕೈಯಿಂದ ತೆಗೆಯುವುದು

ಮೇಲೆ ಹೇಳಿದ ಸರ್ವೊ ನೆನಪಿದೆಯಾ? ಅದಕ್ಕೆ ಆರ್‌ಟಿ ಕರ್ನಲ್ ಬೇಕೇ ಇಲ್ಲ. ಚಿಪ್ಪಿನಲ್ಲಿರುವ ಹಾರ್ಡ್‌ವೇರ್ ಪಿಡಬ್ಲ್ಯುಎಂ ಪಲ್ಸನ್ನು ತಾನೇ ಎಣಿಸಿ ಕೊಡುತ್ತದೆ. ಲಿನಕ್ಸ್ ಅಗಲ ಬದಲಿಸಲು ಮಾತ್ರ ಬರುತ್ತದೆ, 2 ಮಿಲಿಸೆಕೆಂಡ್ ತಡವಾಗಿ ಬಂದರೂ ಪಲ್ಸಿನ ಅಗಲ ಕೆಡುವುದಿಲ್ಲ. ಎನ್‌ಕೋಡರಿಗೂ ಹಾಗೇ. ಬೀಗಲ್‌ಬೋನ್ ಬ್ಲ್ಯಾಕ್‌ನ ಎಎಂ335ಎಕ್ಸ್ ಚಿಪ್ಪಿನಲ್ಲಿ ಕ್ವಾಡ್ರೇಚರ್ ಎಣಿಸುವ ಭಾಗವೇ ಇದೆ. ಆ 2 ಲಕ್ಷ ಅಂಚುಗಳನ್ನು ಅದು ಎಣಿಸಿಟ್ಟಿರುತ್ತದೆ, ನೀವು ಬೇಕಾದಾಗ ಓದಿಕೊಂಡರಾಯಿತು. ಹೀಗಾಗಿ ಬೋರ್ಡಿನ ಡೇಟಾಶೀಟನ್ನು ಮೊದಲು ಓದಿ. ಟೈಮರ್, ಪಿಡಬ್ಲ್ಯುಎಂ, ಕ್ಯಾಪ್ಚರ್, ಡಿಎಂಎ ಇವು ಎಷ್ಟಿವೆ, ಯಾವ ಪಿನ್ನಿಗೆ ಬರುತ್ತವೆ ನೋಡಿ. ಎಷ್ಟೋ ಸಲ ಹುಡುಕಾಟ ಅಲ್ಲೇ ಮುಗಿಯುತ್ತದೆ.

ಅಷ್ಟು ಸಾಲದು, ಸ್ವಲ್ಪ ಬುದ್ಧಿಯೂ ಬೇಕು ಅಂದರೆ ಅದೇ ಚಿಪ್ಪಿನಲ್ಲಿರುವ ಸಹಾಯಕ ಕೋರ್. ಎಎಂ335ಎಕ್ಸ್‌ನಲ್ಲಿ ಪಿಆರ್‌ಯು ಎಂಬ ಎರಡು ಪುಟ್ಟ ಕೋರ್‌ಗಳಿವೆ. 200 ಮೆಗಾಹರ್ಟ್ಸ್, ಹೆಚ್ಚಿನ ಸೂಚನೆಗಳು 5 ನ್ಯಾನೊಸೆಕೆಂಡಿಗೊಂದು, ಕ್ಯಾಶ್ ಇಲ್ಲ, ಆಪರೇಟಿಂಗ್ ಸಿಸ್ಟಂ ಇಲ್ಲ. ಬರೆದ ಸಾಲುಗಳನ್ನು ಎಣಿಸಿದರೆ ಸಮಯ ಗೊತ್ತಾಗುತ್ತದೆ, ಅಂಥ ಸುಖ ಈ ಕಾಲದಲ್ಲಿ ಅಪರೂಪ. ಒಂದೊಂದಕ್ಕೆ ಪ್ರೋಗ್ರಾಂ ಜಾಗ 8 ಕಿಲೊಬೈಟ್ ಮಾತ್ರ, ಅದೇ ಅದರ ಮಿತಿ. ಎಸ್‌ಟಿಎಂ32ಎಂಪಿ157ರಲ್ಲಿ ಎರಡು ಕಾರ್ಟೆಕ್ಸ್-ಎ7 ಜೊತೆ ಒಂದು ಕಾರ್ಟೆಕ್ಸ್-ಎಂ4 ಇದೆ. ಐ.ಎಂಎಕ್ಸ್ 8ಎಂ ಮಿನಿಯಲ್ಲಿ ಎ53 ಕೋರ್‌ಗಳ ಜೊತೆ ಎಂ4, 8ಎಂ ಪ್ಲಸ್‌ನಲ್ಲಿ ಎಂ7. ಲಿನಕ್ಸ್ ರಿಮೋಟ್‌ಪ್ರಾಕ್ ಮೂಲಕ ಅವಕ್ಕೆ ಫರ್ಮ್‌ವೇರ್ ತುಂಬಿಸಿ ಶುರು ಮಾಡುತ್ತದೆ, ಆರ್‌ಪಿಎಂಎಸ್‌ಜಿ ಮೂಲಕ ಮಾತಾಡುತ್ತದೆ. ಎಂ4 ಇಂಟರಪ್ಟ್ ಹ್ಯಾಂಡ್ಲರಿಗೆ ಹೋಗಲು ಬೇಕಾಗುವುದು 12 ಸೈಕಲ್, ಮೈಕ್ರೊಸೆಕೆಂಡಿನ ಒಂದು ಚೂರು.

ಕಷ್ಟ ಶುರುವಾಗುವುದು ಇಬ್ಬರ ನಡುವಿನ ಗಡಿಯಲ್ಲಿ. ಯಾವ ಪೆರಿಫೆರಲ್ ಯಾರದು, ಕ್ಲಾಕ್ ಯಾರು ಆನ್ ಮಾಡಬೇಕು, ಪಿನ್ ಯಾರ ಹೆಸರಿನಲ್ಲಿದೆ ಎಲ್ಲವನ್ನೂ ಬೋರ್ಡಿನ ಹಾರ್ಡ್‌ವೇರ್ ವಿವರ ಇರುವ ಡಿವೈಸ್ ಟ್ರೀಯಲ್ಲಿ ಸರಿಯಾಗಿ ಹಂಚಬೇಕು. ಲಿನಕ್ಸ್ "ಇದು ಯಾರಿಗೂ ಬೇಡ" ಅಂತ ಎಂ4 ಬಳಸುತ್ತಿರುವ ಕ್ಲಾಕನ್ನೇ ಆರಿಸಿಬಿಟ್ಟರೆ ಒಂದು ದಿನ ಹೋಯಿತು. ಎರಡು ಫರ್ಮ್‌ವೇರ್, ಎರಡು ಡೀಬಗರ್, ಎರಡು ಅಪ್‌ಡೇಟ್. ಮೊದಲ ಸಲ ಇದೆಲ್ಲ ಹೊಂದಿಸಲು ಒಂದೆರಡು ವಾರ ಎತ್ತಿಡಿ.

ಪ್ರತ್ಯೇಕ ಮೈಕ್ರೊಕಂಟ್ರೋಲರ್ ಇನ್ನೊಂದು ದಾರಿ, ಬಹಳ ಸಲ ಇದೇ ಸುಲಭ. ಆರ್‌ಪಿ2040 ತಗೊಳ್ಳಿ. ಎರಡು ಎಂ0+ ಕೋರ್, ಜೊತೆಗೆ ಪಿಐಒ ಎಂಬ 8 ಸ್ಟೇಟ್ ಮಷೀನ್‌ಗಳು. ಪಲ್ಸ್ ಹೊಡೆಯುವುದು, ಅಂಚು ಎಣಿಸುವುದು ಅವುಗಳ ಪಾಲಿಗೆ ಮಕ್ಕಳಾಟ. ಲಿನಕ್ಸ್ ಬೋರ್ಡ್ ಯಾವುದೇ ಇರಲಿ, ನಾಳೆ ಬದಲಿಸಿದರೂ ಈ ಭಾಗ ಹಾಗೇ ಉಳಿಯುತ್ತದೆ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು 3ಡಿ ಪ್ರಿಂಟರ್‌ಗಳ ಕ್ಲಿಪ್ಪರ್ ಫರ್ಮ್‌ವೇರ್. ಭಾರೀ ಲೆಕ್ಕವೆಲ್ಲ ಲಿನಕ್ಸ್ ಬೋರ್ಡಿನಲ್ಲಿ ನಡೆಯುತ್ತದೆ. ಅದು "ಈಗ ಹೆಜ್ಜೆ ಇಡು" ಅಂತ ಹೇಳುವುದಿಲ್ಲ. "ನಿನ್ನ ಗಡಿಯಾರದಲ್ಲಿ ಇಂಥ ಟಿಕ್ ಆದಾಗ ಹೆಜ್ಜೆ ಇಡು" ಅಂತ ಮುಂಚಿತವಾಗಿ ಪಟ್ಟಿ ಕಳಿಸುತ್ತದೆ. ಮೈಕ್ರೊಕಂಟ್ರೋಲರ್ ಆ ಪಟ್ಟಿಯಂತೆ ನಡೆಯುತ್ತದೆ. ಹೀಗಾಗಿ ಲಿನಕ್ಸ್ ಸಾದಾ ಕರ್ನಲ್ಲಾದರೂ ಸ್ಟೆಪ್ಪರ್ ನಯವಾಗಿ ಓಡುತ್ತದೆ. ಮುಂದಿನದು ಮೊದಲೇ ಗೊತ್ತಿರುವ ಯಾವ ಕೆಲಸಕ್ಕೂ ಈ ಉಪಾಯ ನಡೆಯುತ್ತದೆ.

ನಡೆಯದಿರುವುದು ಎಲ್ಲಿ? ಸೆನ್ಸರ್ ಒಂದು ಕಡೆ, ಮೋಟರ್ ಇನ್ನೊಂದು ಕಡೆ, ಲೆಕ್ಕ ಮಾತ್ರ ಲಿನಕ್ಸ್ ಬೋರ್ಡಿನಲ್ಲೇ ಆಗಬೇಕು ಅಂದಾಗ. ಉದಾಹರಣೆಗೆ ಆರು ಕೀಲುಗಳ ರೋಬೊ ತೋಳು. ಆಗ ಪ್ರತಿ ಸುತ್ತಿನಲ್ಲೂ ಡೇಟಾ ಲಿನಕ್ಸಿಗೆ ಬಂದು ಹೋಗಬೇಕು. ಆಗ ಆರ್‌ಟಿ ಕರ್ನಲ್ ಮತ್ತು ಮೈಕ್ರೊಕಂಟ್ರೋಲರ್ ಎರಡೂ ಬೇಕು: ಒಳಗಿನ ಕರೆಂಟ್ ಲೂಪ್ ಮೈಕ್ರೊಕಂಟ್ರೋಲರಿನಲ್ಲಿ, ಹೊರಗಿನ 1 ಕಿಲೊಹರ್ಟ್ಸ್ ಲೂಪ್ ಲಿನಕ್ಸಿನಲ್ಲಿ. ಇಬ್ಬರ ನಡುವಿನ ತಂತಿಗೆ ಯುಎಸ್‌ಬಿ ಸೀರಿಯಲ್ ಬಳಸುವುದಾದರೆ ಹುಷಾರು. ಎಫ್‌ಟಿಡಿಐ ಚಿಪ್‌ಗಳ ಲಿನಕ್ಸ್ ಡ್ರೈವರಿನಲ್ಲಿ ಲೇಟೆನ್ಸಿ ಟೈಮರ್ ಮೊದಲಿಗೆ 16 ಮಿಲಿಸೆಕೆಂಡಿಗೆ ಇಟ್ಟಿರುತ್ತದೆ. ಅದನ್ನು 1ಕ್ಕೆ ಇಳಿಸಬಹುದು, ಆದರೂ ನಾನು ಎಸ್‌ಪಿಐ ಅಥವಾ ಕ್ಯಾನ್ ಕಡೆಗೇ ಕೈ ಚಾಚುತ್ತೇನೆ.

## ಆರಿಸಿದ್ದು ಸರಿಯಾ? ಅಳೆದು ನೋಡಿ

ಸರಾಸರಿ ಸಂಖ್ಯೆಯನ್ನು ನೋಡಲೇಬೇಡಿ. ಎರಡು ಆಯ್ಕೆಗಳ ಸರಾಸರಿ 12 ಮತ್ತು 15 ಮೈಕ್ರೊಸೆಕೆಂಡ್ ಇರಬಹುದು. ಗರಿಷ್ಠ 70 ಮತ್ತು 2,400 ಇರಬಹುದು. ನಿಮ್ಮ ಮೋಟರಿಗೆ ಕಾಣುವುದು ಗರಿಷ್ಠ ಮಾತ್ರ.

ಸೈಕ್ಲಿಕ್‌ಟೆಸ್ಟನ್ನು ಹತ್ತು ನಿಮಿಷ ಓಡಿಸಿ ತೃಪ್ತಿಪಡಬೇಡಿ. 1 ಕಿಲೊಹರ್ಟ್ಸ್‌ನಲ್ಲಿ ಹತ್ತು ನಿಮಿಷಕ್ಕೆ 6 ಲಕ್ಷ ಸುತ್ತು. ಒಂದು ದಿನಕ್ಕೆ 8.64 ಕೋಟಿ. ಕೋಟಿಗೊಮ್ಮೆ ಬರುವ ತಪ್ಪು ಹತ್ತು ನಿಮಿಷದಲ್ಲಿ ಸಿಗುವ ಸಂಭವ ತೀರಾ ಕಮ್ಮಿ. ಖಾಲಿ ಬೋರ್ಡಿನಲ್ಲಿ ಅಳೆದದ್ದಕ್ಕೂ ಅರ್ಥವಿಲ್ಲ. ಸ್ಟ್ರೆಸ್-ಎನ್‌ಜಿಯಿಂದ ಮೆಮೊರಿ ಹಿಂಡಿ, ಐಪರ್ಫ್‌ನಿಂದ ನೆಟ್‌ವರ್ಕ್ ತುಂಬಿಸಿ, ಎಸ್‌ಡಿ ಕಾರ್ಡಿಗೆ ಬರೆಯುತ್ತಾ ಇರಿ, ಜಿಪಿಯು ಇದ್ದರೆ ಅದನ್ನೂ ಓಡಿಸಿ. ಎಲ್ಲ ಒಟ್ಟಿಗೆ. ಬೋರ್ಡನ್ನು ಅದರ ಡಬ್ಬಿಯೊಳಗೆ ಹಾಕಿ, ಮುಚ್ಚಳ ಮುಚ್ಚಿ ಅಳೆಯಿರಿ, ಯಾಕೆಂದರೆ ಬಿಸಿಯೇರಿದ ಮೇಲಿನ ಕಥೆ ಬೇರೆ.

ದೊಡ್ಡ ಸಂಖ್ಯೆ ಕಂಡರೆ ಊಹೆ ಮಾಡುತ್ತಾ ಕೂರಬೇಡಿ. ಕರ್ನಲ್ 5.17ರಿಂದ ಆರ್‌ಟಿಎಲ್‌ಎ ಎಂಬ ಉಪಕರಣ ಕರ್ನಲ್ ಜೊತೆಗೇ ಬರುತ್ತಿದೆ. ಅದರ ಟೈಮರ್‌ಲ್ಯಾಟ್, ನೀವು ಹೇಳಿದ ಮಿತಿ ದಾಟಿದ ಕೂಡಲೇ ನಿಂತು, ಆ ಹೊತ್ತಿಗೆ ಯಾರು ಅಡ್ಡ ಬಂದರು ಅನ್ನುವುದನ್ನು ಇಂಟರಪ್ಟ್ ಹೆಸರು, ಥ್ರೆಡ್ ಹೆಸರು ಸಮೇತ ತೋರಿಸುತ್ತದೆ.

ಕೊನೆಗೆ ಲೂಪಿನ ಶುರುವಿನಲ್ಲಿ ಒಂದು ಪಿನ್ ಮೇಲೇರಿಸಿ, ಮುಗಿದಾಗ ಇಳಿಸಿ, ಆಸಿಲೊಸ್ಕೋಪ್ ಹಚ್ಚಿ. ತೆರೆಯ ಮೇಲೆ ಹಳೆಯ ಗೆರೆಗಳು ಅಳಿಯದಂತೆ ಇಟ್ಟು ಮನೆಗೆ ಹೋಗಿ. ಬೆಳಿಗ್ಗೆ ಬಂದಾಗ ಗೆರೆಗಳು ಎಷ್ಟು ದೂರ ಹರಡಿವೆ ಅನ್ನುವುದೇ ನಿಮ್ಮ ಜಿಟರ್. ಅದನ್ನು ಮೊದಲ ದಿನ ಬರೆದಿಟ್ಟ ಸಂಖ್ಯೆಯ ಪಕ್ಕ ಇಡಿ. ಒಳಗಿದ್ದರೆ ಕರ್ನಲನ್ನು ಇನ್ನು ಮುಟ್ಟಬೇಡಿ. ಎರಡು ಪಟ್ಟು ಹೊರಗಿದ್ದರೆ ಆದ್ಯತೆ, ನಿದ್ದೆ, ಇಂಟರಪ್ಟ್ ಇವನ್ನು ಮತ್ತೆ ನೋಡಿ. ಹತ್ತು ಪಟ್ಟು ಹೊರಗಿದ್ದರೆ ಆ ಕೆಲಸವನ್ನು ಎಂ4ಗೋ ಪಿಐಒಗೋ ಕೊಟ್ಟುಬಿಡಿ.